ಪೇಟೆಯಿಂದ ಹೊರವಲಯಕ್ಕೆ: ಬೆಂಗಳೂರಿನ ರಸ್ತೆಜಾಲದ ಚಾರಿತ್ರಿಕ ಪರಿಶೀಲನೆ

ನಗರಗಳ ಚರಿತ್ರೆಯನ್ನು ನಿರೂಪಿಸುವಾಗ ಸಾಮಾನ್ಯವಾಗಿ ಕೋಟೆ, ಅರಮನೆ, ದೇವಾಲಯ, ಮಾರುಕಟ್ಟೆಗಳಿಗೆ ಪ್ರಾಧಾನ್ಯ ದೊರೆಯುತ್ತದೆ. ಇವುಗಳನ್ನು ಒಂದಕ್ಕೊಂದು ಜೋಡಿಸುವ ರಸ್ತೆಗಳು ಹಿನ್ನೆಲೆಯಲ್ಲಿಯೇ ಉಳಿದುಬಿಡುತ್ತವೆ. ಆದರೆ ನಗರದ ಅಂಗಗಳಲ್ಲಿ ರಸ್ತೆಯಷ್ಟು ದೀರ್ಘಕಾಲ ಬಾಳುವಂಥದು ವಿರಳ. ಕಟ್ಟಡಗಳು ಬೀಳುತ್ತವೆ, ನಿವೇಶನಗಳು ಕೈ ಬದಲಾಗುತ್ತವೆ, ಬೀದಿಗಳ ಹೆಸರುಗಳೂ ಮಾರ್ಪಡುತ್ತವೆ; ಬೀದಿಯ ಗೆರೆ ಮಾತ್ರ ಉಳಿಯುತ್ತದೆ. ಬೆಂಗಳೂರಿನ ದೊಡ್ಡಪೇಟೆಯ ಬೀದಿ ಇಂದು ಅವೆನ್ಯೂ ರಸ್ತೆ ಎನಿಸಿಕೊಂಡಿದೆ. ಅದರ ಇಕ್ಕೆಲಗಳ ಕಟ್ಟಡಗಳು ಬದಲಾಗಿವೆ. ಪೇಟೆಯನ್ನು ಉತ್ತರ ದಕ್ಷಿಣವಾಗಿ ಸೀಳುವ ಆ ದಾರಿ ಅಳಿದಿಲ್ಲ.

ನಗರದ ಬೆಳವಣಿಗೆಯನ್ನು ಅಳೆಯಲು ಸಾಮಾನ್ಯವಾಗಿ ಎರಡು ಮಾನದಂಡಗಳನ್ನು ಬಳಸಲಾಗುತ್ತದೆ: ಜನಸಂಖ್ಯೆ ಮತ್ತು ವಿಸ್ತೀರ್ಣ. 1901ರ ಜನಗಣತಿಯಲ್ಲಿ ಬೆಂಗಳೂರು ನಗರ ಹಾಗೂ ದಂಡು ಪ್ರದೇಶಗಳೆರಡೂ ಸೇರಿ ಸುಮಾರು 1.59 ಲಕ್ಷ ಜನರಿದ್ದರು. 1941ರಲ್ಲಿ ಈ ಸಂಖ್ಯೆ 4 ಲಕ್ಷವನ್ನು ದಾಟಿತು. 1951ರಲ್ಲಿ 8 ಲಕ್ಷವನ್ನು ಸಮೀಪಿಸಿತು. 1981ರಲ್ಲಿ ಸುಮಾರು 29 ಲಕ್ಷ, 2001ರಲ್ಲಿ ಸುಮಾರು 57 ಲಕ್ಷ, 2011ರಲ್ಲಿ ಸುಮಾರು 84 ಲಕ್ಷವಾಯಿತು. ಈ ಅಂಕಿಅಂಶಗಳು ನಗರ ಎಷ್ಟು ಬೆಳೆಯಿತು ಎಂಬುದನ್ನು ಹೇಳುತ್ತವೆ. ಹೇಗೆ ಬೆಳೆಯಿತು, ಬೆಳೆದ ಭಾಗಗಳು ಒಂದಕ್ಕೊಂದು ಹೇಗೆ ಕೂಡಿಕೊಂಡವು ಎಂಬುದನ್ನು ಹೇಳುವುದಿಲ್ಲ.

ಈ ಕೂಡಿಕೆಯನ್ನು ಅಳೆಯುವ ಕ್ರಮವೂ ಇದೆ. ರಸ್ತೆಗಳು ಸಂಧಿಸುವ ಪ್ರತಿಯೊಂದು ಸ್ಥಳದಲ್ಲಿ ಎಷ್ಟು ದಾರಿಗಳು ಕೂಡುತ್ತವೆ, ತುದಿಯಲ್ಲಿ ಮುಂದೆ ದಾರಿಯಿಲ್ಲದೆ ನಿಂತುಬಿಡುವ ರಸ್ತೆಗಳು ಎಷ್ಟು, ಎರಡು ಸ್ಥಳಗಳ ನಡುವಿನ ನೇರ ದೂರಕ್ಕೂ ನಡೆಯಬೇಕಾದ ದೂರಕ್ಕೂ ಇರುವ ಅಂತರವೆಷ್ಟು ಎಂಬುವು ಅದರ ಮುಖ್ಯ ಅಂಶಗಳು. ನಾಲ್ಕು ದಾರಿಗಳು ಕೂಡುವ ಚೌಕಗಳು ಹೆಚ್ಚಿದ್ದರೆ ಸಂಪರ್ಕ ಸಾಂದ್ರವಾಗಿರುತ್ತದೆ. ಮುಂದೆ ದಾರಿಯಿಲ್ಲದ ತುದಿಗಳು ಹೆಚ್ಚಿದಂತೆ ನಗರ ಚದುರುತ್ತದೆ. ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಆಡಮ್ ಮಿಲ್ಲರ್ಡ್-ಬಾಲ್ ಎಂಬ ವಿದ್ವಾಂಸರು 2015ರಲ್ಲಿ ಅಮೆರಿಕದ ನಗರಗಳನ್ನು ಕುರಿತು, 2020ರಲ್ಲಿ ಪ್ರಪಂಚದ ನಗರಗಳನ್ನು ಕುರಿತು ಇಂಥ ಅಧ್ಯಯನಗಳನ್ನು ಪ್ರಕಟಿಸಿದರು. ಅಮೆರಿಕದಲ್ಲಿ ಹೊಸ ರಸ್ತೆಗಳ ಬಿಡಿಬಿಡಿತನ 1994ರ ಸುಮಾರಿಗೆ ತುತ್ತತುದಿ ಮುಟ್ಟಿ ಅನಂತರ ಇಳಿಮುಖವಾಯಿತೆಂದೂ, 1975ರಿಂದೀಚೆಗೆ ಪ್ರಪಂಚದ ಬಹುಭಾಗಗಳಲ್ಲಿ ಹೊಸ ರಸ್ತೆಗಳ ಪರಸ್ಪರ ಸಂಪರ್ಕ ಕುಗ್ಗುತ್ತ ಬಂದಿತೆಂದೂ ಈ ಅಧ್ಯಯನಗಳಿಂದ ತಿಳಿದುಬರುತ್ತದೆ.

ಈ ಹಿನ್ನೆಲೆಯಲ್ಲಿ ಬೆಂಗಳೂರಿನ ರಸ್ತೆಜಾಲವನ್ನು ಚಾರಿತ್ರಿಕವಾಗಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ನಗರ ವಿಶಾಲವಾದದ್ದೇ ಅದರ ಸಂಚಾರ ಸಮಸ್ಯೆಗಳಿಗೆ ಕಾರಣವೆಂಬ ಸಾಮಾನ್ಯ ಅಭಿಪ್ರಾಯ ಅಪೂರ್ಣವಾದದ್ದು. ಪ್ರತಿಯೊಂದು ಕಾಲಘಟ್ಟದಲ್ಲಿಯೂ ರಸ್ತೆಯ ಮೊದಲ ಗೆರೆಯನ್ನು ಎಳೆದವರು ಯಾರು, ಆ ಗೆರೆ ತಮ್ಮ ಜಮೀನಿನ ಎಲ್ಲೆಯನ್ನು ದಾಟಿ ಮುಂದುವರಿಯಬೇಕೆಂಬ ಹೊಣೆ ಅವರ ಮೇಲಿತ್ತೇ ಎಂಬ ಪ್ರಶ್ನೆಗಳೇ ಇಲ್ಲಿ ನಿರ್ಣಾಯಕವಾದವು.

ಪೇಟೆಯ ಬೀದಿಗಳು

ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಮಣ್ಣಿನ ಕೋಟೆಯನ್ನೂ ಪೇಟೆಯನ್ನೂ ನಿರ್ಮಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ದೊಡ್ಡಪೇಟೆಯ ಚೌಕದಿಂದ ನಾಲ್ಕು ದಿಕ್ಕುಗಳಿಗೆ ನೇಗಿಲು ಹೂಡಿದ ಎತ್ತುಗಳನ್ನು ಬಿಟ್ಟು, ನೇಗಿಲ ಗೆರೆಗಳನ್ನೇ ಬೀದಿಗಳನ್ನಾಗಿ ಮಾಡಲಾಯಿತೆಂಬ ಐತಿಹ್ಯ ಪ್ರಚಲಿತವಾಗಿದೆ. ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ಪೇಟೆಯ ರಚನೆ ಅದಕ್ಕೆ ಹೊಂದಿಕೊಳ್ಳುತ್ತದೆ. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ ಎಂಬ ಎರಡು ಮುಖ್ಯ ಬೀದಿಗಳು ಪರಸ್ಪರ ಕತ್ತರಿಸುತ್ತಿದ್ದವು. ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪ ಬಾಗಿಲು, ಉತ್ತರಕ್ಕೆ ಯಲಹಂಕ ಬಾಗಿಲು, ದಕ್ಷಿಣಕ್ಕೆ ಆನೇಕಲ್ಲು ಬಾಗಿಲು ಇದ್ದವು. ಬಾಗಿಲುಗಳಿಗೆ ಅವುಗಳಿಂದ ಹೊರಟ ದಾರಿ ಯಾವ ಊರನ್ನು ಮುಟ್ಟುತ್ತದೋ ಆ ಊರಿನ ಹೆಸರನ್ನೇ ಇಟ್ಟಿದ್ದುದು ಗಮನಾರ್ಹ. ಬೀದಿಯೆಂದರೆ ಬೇರೊಂದು ಊರನ್ನು ಸೇರುವ ದಾರಿ ಎಂಬ ತಿಳಿವಳಿಕೆ ಆ ಹೆಸರುಗಳಲ್ಲಿಯೇ ಅಡಕವಾಗಿದೆ.

ಮುಖ್ಯ ಬೀದಿಗಳ ಆಚೀಚೆ ವೃತ್ತಿಗಳಿಗೆ ಅನುಗುಣವಾಗಿ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ತರಗುಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ ಮುಂತಾದವು ನೆಲೆಗೊಂಡವು. ಒಳಗಿನ ಓಣಿಗಳು ಇಕ್ಕಟ್ಟಾಗಿದ್ದವು. ಅವುಗಳಲ್ಲಿ ಕೆಲವು ಮುಂದೆ ದಾರಿಯಿಲ್ಲದೆ ಮನೆಗಳ ಮುಂದೆ ನಿಲ್ಲುತ್ತಿದ್ದವು. ಆದ್ದರಿಂದ ಪೇಟೆಯನ್ನು ಆದರ್ಶ ವಿನ್ಯಾಸವೆಂದು ಬಣ್ಣಿಸುವುದು ಸರಿಯಲ್ಲ. ಆದರೂ ಓಣಿ ಓಣಿಗೆ, ಓಣಿ ಬೀದಿಗೆ, ಬೀದಿ ಬಾಗಿಲಿಗೆ ಸೇರುವ ಕ್ರಮ ಅಲ್ಲಿತ್ತು. ಹೊರೆ ಹೊತ್ತವನು, ಎತ್ತಿನ ಮೇಲೆ ಸರಕು ಹೇರಿಕೊಂಡು ಬಂದವನು ಒಂದು ದಾರಿ ಕಟ್ಟಿದರೆ ಇನ್ನೊಂದನ್ನು ಹಿಡಿಯಬಹುದಾಗಿತ್ತು. ನಡಿಗೆಯ ಅಳತೆಗೆ ತಕ್ಕಂತೆ ಬೆಳೆದ ಊರಿಗೆ ಈ ಗುಣ ಸಹಜವಾದದ್ದು.

ಕೆರೆಗಳ ಪಾತ್ರವನ್ನೂ ಇಲ್ಲಿ ಉಲ್ಲೇಖಿಸಬೇಕು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮೊದಲಾದ ಕೆರೆಗಳು ಊರಿಗೆ ನೀರನ್ನೊದಗಿಸುವುದರ ಜೊತೆಗೆ ರಸ್ತೆಗಳ ದಿಕ್ಕನ್ನೂ ನಿರ್ಧರಿಸಿದವು. ಕೆರೆಯ ಅಂಗಳ ದಾರಿಗೆ ತಡೆಯಾದರೆ ಕೆರೆಯ ಏರಿಯೇ ದಾರಿಯಾಗುತ್ತಿತ್ತು. ಸುತ್ತಣ ಹಳ್ಳಿಗಳಲ್ಲಿಯೂ ಏರಿಯ ಮೇಲಿನ ಬಂಡಿದಾರಿಗಳೇ ಊರೂರುಗಳನ್ನು ಜೋಡಿಸುತ್ತಿದ್ದವು. ಈ ಬಂಡಿದಾರಿಗಳು ಹಲವು ಶತಮಾನಗಳ ಬಳಿಕ ಮಹಾನಗರದ ಮುಖ್ಯ ರಸ್ತೆಗಳ ಹೊರೆಯನ್ನು ಹೊರಬೇಕಾಯಿತೆಂಬುದನ್ನು ಮುಂದೆ ನೋಡಬಹುದು.

ದಂಡು ಮತ್ತು ಎರಡು ಊರುಗಳ ನಡುವಣ ಅಂತರ

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ಮೊದಲು ಪೇಟೆಯನ್ನು, ಅನಂತರ ಕೋಟೆಯನ್ನು ವಶಪಡಿಸಿಕೊಂಡಿತು. ಟಿಪ್ಪುಸುಲ್ತಾನನ ಪತನಾನಂತರ, 1809ರಲ್ಲಿ, ಬ್ರಿಟಿಷರು ತಮ್ಮ ಸೇನಾನೆಲೆಯನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ವರ್ಗಾಯಿಸಿದರು. ಪೇಟೆಯ ಈಶಾನ್ಯಕ್ಕೆ, ಹಲಸೂರಿನ ಬಳಿ, ಪರೇಡ್ ಮೈದಾನವನ್ನು ಕೇಂದ್ರವಾಗಿಸಿಕೊಂಡು ದಂಡು ಪ್ರದೇಶ ರೂಪುಗೊಂಡಿತು. ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ, ಬ್ರಿಗೇಡ್ ರಸ್ತೆ, ಇಂದು ಕಾಮರಾಜ ರಸ್ತೆಯೆನಿಸಿರುವ ಕ್ಯಾವಲ್ರಿ ರಸ್ತೆ, ಇಂದು ಮಹಾತ್ಮಾ ಗಾಂಧಿ ರಸ್ತೆಯೆನಿಸಿರುವ ಸೌತ್ ಪರೇಡ್ ಮೊದಲಾದ ಹೆಸರುಗಳು ಆ ವಿನ್ಯಾಸದ ಸೈನಿಕ ಮೂಲವನ್ನು ಸೂಚಿಸುತ್ತವೆ. ಇಲ್ಲಿಯ ರಸ್ತೆಗಳು ನೇರ, ಅಗಲ. ಬಂಗಲೆಗಳ ಆವರಣಗಳು ವಿಶಾಲ. ಇವುಗಳ ಪಕ್ಕದಲ್ಲಿಯೇ, ದಂಡಿಗೆ ಸೇವೆ ಸಲ್ಲಿಸಲು ಬಂದು ನೆಲೆಸಿದವರ ದಟ್ಟ ಬಜಾರುಗಳು ಇಂದಿನ ಶಿವಾಜಿನಗರ ಮತ್ತು ಹಲಸೂರು ಭಾಗಗಳಲ್ಲಿ ಬೆಳೆದವು.

1862ರಲ್ಲಿ ನಗರ ಹಾಗೂ ದಂಡು ಪ್ರದೇಶಗಳಿಗೆ ಪ್ರತ್ಯೇಕ ಪುರಸಭೆಗಳು ಸ್ಥಾಪನೆಗೊಂಡವು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ರೈಲುಮಾರ್ಗ ಬಂದಿತು. ಎರಡು ಊರುಗಳ ನಡುವೆ 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನ ಹರಡಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟನ ಅಧೀನದಲ್ಲಿಯೇ ಉಳಿಯಿತು. ಹೀಗೆ ಒಂದೇ ಹೆಸರಿನ ಎರಡು ಊರುಗಳು ತಮ್ಮೊಳಗೆ ಸಾಕಷ್ಟು ಸಂಪರ್ಕ ಹೊಂದಿದ್ದರೂ ಪರಸ್ಪರ ಕೂಡಿದ್ದು ಕೆಲವೇ ರಸ್ತೆಗಳಿಂದ. 1949ರಲ್ಲಿ ಎರಡೂ ಪುರಸಭೆಗಳು ವಿಲೀನಗೊಂಡು ಬೆಂಗಳೂರು ನಗರಪಾಲಿಕೆ ರಚನೆಯಾಯಿತು. ಆಡಳಿತವನ್ನು ಒಂದು ಶಾಸನದಿಂದ ಕೂಡಿಸಬಹುದು. ಉದ್ಯಾನ, ರೈಲುಹಳಿ, ಸೇನಾಭೂಮಿಗಳ ನಡುವೆ ಇಲ್ಲದ ರಸ್ತೆಗಳನ್ನು ಹಾಗೆ ಕೂಡಿಸಲಾಗದು. ರೈಲುಹಳಿಯನ್ನು ದಾಟಲು ಇರುವ ಕೆಲವೇ ಸೇತುವೆ ಹಾಗೂ ಕೆಳದಾರಿಗಳಲ್ಲಿ ಇಂದಿಗೂ ಕಾಣುವ ದಟ್ಟಣೆಗೆ 19ನೆಯ ಶತಮಾನದ ಈ ವಿಭಜನೆಯೇ ಹಿನ್ನೆಲೆ.

ಬಡಾವಣೆಗಳ ಕಾಲ

ಪೇಟೆಯ ಹೊರಗೆ ಯೋಜಿತ ಬಡಾವಣೆಗಳ ನಿರ್ಮಾಣ 19ನೆಯ ಶತಮಾನದ ಕೊನೆಯ ದಶಕದಲ್ಲಿ ಚಾಮರಾಜಪೇಟೆಯೊಡನೆ ಆರಂಭವಾಯಿತು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಅಪಾಯವನ್ನು ತೀವ್ರವಾಗಿ ಮನಗಾಣಿಸಿತು. ಬಸವನಗುಡಿ ಮತ್ತು ಮಲ್ಲೇಶ್ವರಗಳು ಬೆಳೆದುದು ಈ ಸಂದರ್ಭದಲ್ಲಿ. ಗಾಳಿ, ಬೆಳಕು, ಚರಂಡಿಗಳಿಗೆ ಪ್ರಾಶಸ್ತ್ಯ ನೀಡಿದ ಈ ಬಡಾವಣೆಗಳಲ್ಲಿ ನೇರ ರಸ್ತೆಗಳು ಚೌಕಳಿಯಾಕಾರದಲ್ಲಿ ಪರಸ್ಪರ ಕತ್ತರಿಸಿದವು. ಮನೆಗಳ ಹಿಂಬದಿಯಲ್ಲಿ ನೈರ್ಮಲ್ಯದ ಕೆಲಸಗಾರರು ಓಡಾಡುವ ಕಿರುಗಲ್ಲಿಗಳನ್ನು ಬಿಡಲಾಯಿತು. ಈ ಗಲ್ಲಿಗಳು ಕಾಲದ ಜಾತಿವ್ಯವಸ್ಥೆಯ ಕುರುಹುಗಳೂ ಹೌದು. ರಸ್ತೆಗಳು ಎಲ್ಲರಿಗೂ ತೆರೆದಿದ್ದವೆಂಬ ಮಾತನ್ನು ಈ ಮಿತಿಯೊಡನೆಯೇ ಗ್ರಹಿಸಬೇಕಾಗುತ್ತದೆ.

ಬೆಂಗಳೂರಿನ ವಿಳಾಸಗಳಲ್ಲಿ ಬಳಕೆಗೆ ಬಂದ ಮುಖ್ಯರಸ್ತೆ, ಅಡ್ಡರಸ್ತೆ ಎಂಬ ಪದಗಳು ಈ ಚೌಕಳಿ ವಿನ್ಯಾಸದ ನೇರ ಫಲ. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳು ಸಮಾಂತರವಾಗಿ ಸಾಗುತ್ತವೆ. ಅಡ್ಡರಸ್ತೆಗಳ ಎಣಿಕೆ ಮೊದಲನೆಯದರಿಂದ ಹದಿನೆಂಟನೆಯದರವರೆಗೆ ಅನುಕ್ರಮವಾಗಿ ಮುಂದುವರಿಯುತ್ತದೆ. 15ನೆಯ ಅಡ್ಡರಸ್ತೆಯಲ್ಲಿ ನಿಂತವನಿಗೆ 8ನೆಯ ಅಡ್ಡರಸ್ತೆ ಯಾವ ದಿಕ್ಕಿನಲ್ಲಿದೆ, ಎಷ್ಟು ದೂರದಲ್ಲಿದೆ ಎಂಬುದು ಯಾರನ್ನೂ ಕೇಳದೆಯೇ ತಿಳಿಯುತ್ತದೆ. ವಾಹನಗಳು ಹೆಚ್ಚಿದ ಕಾಲದಲ್ಲಿ ಇಂಥ ಹಳೆಯ ಭಾಗಗಳಲ್ಲಿ ಏಕಮುಖ ಸಂಚಾರವನ್ನು ಜಾರಿಗೆ ತರಲು ಸಾಧ್ಯವಾದುದೂ ಸಮಾಂತರ ರಸ್ತೆಗಳು ಮೊದಲೇ ಇದ್ದುದರಿಂದ. ಕುದುರೆಗಾಡಿಯ ಕಾಲದಲ್ಲಿ ಹಾಕಿದ ವಿನ್ಯಾಸ ಮೋಟಾರು ಯುಗದ ಹೊರೆಯನ್ನು ತಕ್ಕಮಟ್ಟಿಗಾದರೂ ತಾಳಿಕೊಂಡಿತು.

ಮೈಸೂರು ನಗರಕ್ಕೆ 20ನೆಯ ಶತಮಾನದ ಆರಂಭದಲ್ಲಿಯೇ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ದೊರೆತಿದ್ದರೆ, ಬೆಂಗಳೂರಿಗೆ ಅಂಥ ಮಂಡಲಿ ಬಂದುದು 1945ರಲ್ಲಿ. 1948ರಲ್ಲಿ ಜಯನಗರಕ್ಕೂ 1949ರಲ್ಲಿ ರಾಜಾಜಿನಗರಕ್ಕೂ ಚಾಲನೆ ದೊರೆಯಿತು. ಮಂಡಲಿಯು ಭೂಮಿಯನ್ನು ಒಟ್ಟಾಗಿ ಸ್ವಾಧೀನಪಡಿಸಿಕೊಂಡು, ರಸ್ತೆ, ಚರಂಡಿ, ಉದ್ಯಾನಗಳನ್ನು ಗುರುತಿಸಿದ ಅನಂತರ ನಿವೇಶನಗಳನ್ನು ಹಂಚುತ್ತಿತ್ತು. ಇಲ್ಲಿ ಅನುಕ್ರಮವೇ ಮುಖ್ಯವಾದದ್ದು: ಮೊದಲು ರಸ್ತೆ, ಬಳಿಕ ನಿವೇಶನ, ಕೊನೆಗೆ ಮನೆ. ನೂರಾರು ಹೊಲಗಳ ಬದುಗಳು ಅಳಿಸಿಹೋಗಿ ಇಡೀ ಪ್ರದೇಶಕ್ಕೆ ಒಂದೇ ನಕ್ಷೆ ಸಿದ್ಧವಾಗುತ್ತಿತ್ತು. ಆದರೆ ಈ ಕ್ರಮಕ್ಕೆ ಬೆಲೆ ತೆತ್ತವರು ಭೂಮಿ ಕಳೆದುಕೊಂಡ ರೈತರು. ಸರ್ಕಾರಿ ಪರಿಹಾರಕ್ಕೂ ನಿವೇಶನದ ಪೇಟೆ ಬೆಲೆಗೂ ಇದ್ದ ಅಂತರವೇ ಮುಂದೆ ಇಡೀ ವ್ಯವಸ್ಥೆಯನ್ನು ಬುಡಮೇಲು ಮಾಡಿತು.

ಕಾರ್ಖಾನೆಗಳ ಆವರಣಗಳು

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರು ಬೃಹತ್ ಕೈಗಾರಿಕೆಗಳ ನೆಲೆಯಾಯಿತು. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಗೊಂಡವು. ಅಂದಿನ ನಗರದ ಎಲ್ಲೆಯಿಂದ ಆಚೆ, ಅಗ್ಗದ ಹಾಗೂ ವಿಶಾಲವಾದ ಭೂಮಿಯಲ್ಲಿ ಇವು ನೆಲೆಯೂರಿದವು. ಕಾರ್ಖಾನೆಗೆ ಹೊಂದಿಕೊಂಡಂತೆ ವಸತಿಗೃಹಗಳು, ಶಾಲೆ, ಆಸ್ಪತ್ರೆ, ಆಟದ ಮೈದಾನಗಳಿದ್ದ ಟೌನ್‌ಶಿಪ್‌ಗಳು ರೂಪುಗೊಂಡವು. ಆವರಣದ ಒಳಗಿನ ರಸ್ತೆಗಳು ಅಚ್ಚುಕಟ್ಟಾಗಿದ್ದವು; ಆದರೆ ಆವರಣದ ಗೋಡೆಯೇ ಅವುಗಳ ಎಲ್ಲೆಯಾಗಿತ್ತು. ಸೇನೆಯ ಹಾಗೂ ವಿಜ್ಞಾನ ಸಂಸ್ಥೆಗಳ ವಿಸ್ತಾರವಾದ ಆವರಣಗಳೂ ಇದರೊಡನೆ ಸೇರಿದವು.

ಕಾರ್ಖಾನೆಗಳು ಹೊಲಗಳ ನಡುವೆ ಇದ್ದಷ್ಟು ಕಾಲ ಇದರಿಂದ ತೊಂದರೆ ಕಾಣಲಿಲ್ಲ. ನಗರ ಬೆಳೆದು ಅವುಗಳನ್ನು ಸುತ್ತುವರಿದಾಗ, ಆವರಣಗಳ ನಡುವೆ ಉಳಿದ ಕಿರಿದಾದ ಪಟ್ಟಿಗಳಲ್ಲಿಯೇ ಎಲ್ಲ ಸಂಚಾರವೂ ಹರಿಯಬೇಕಾಯಿತು. ಈ ಗೋಡೆಗಳಿಗೆ ರಕ್ಷಣೆಯ ಹಾಗೂ ಉತ್ಪಾದನೆಯ ಸಕಾರಣಗಳಿದ್ದವು. ಆದರೂ ಊರಿನೊಳಗೆ ಇನ್ನೊಂದು ಊರು, ಬಾಗಿಲಲ್ಲಿ ಕಾವಲು ಎಂಬ ಮಾದರಿ ನಗರಕ್ಕೆ ಪರಿಚಿತವಾದುದು ಈ ಕಾಲದಲ್ಲಿ.

ಬದುವಿನಲ್ಲಿ ನಿಂತ ರಸ್ತೆ

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1972ರ ರೂಪರೇಖಾ ಅಭಿವೃದ್ಧಿ ಯೋಜನೆ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸ್ಥಾಪನೆ, 1984ರ ಸಮಗ್ರ ಅಭಿವೃದ್ಧಿ ಯೋಜನೆ, ಇವು ನಗರದ ಬೆಳವಣಿಗೆಗೆ ಕಾನೂನಿನ ಚೌಕಟ್ಟನ್ನು ಒದಗಿಸಿದವು. ನಗರದ ಸುತ್ತ ಹಸಿರು ಪಟ್ಟಿಯನ್ನು ಗುರುತಿಸಲಾಯಿತು. ಆದರೆ 1971ರಿಂದ 1981ರವರೆಗಿನ ಒಂದೇ ದಶಕದಲ್ಲಿ ಜನಸಂಖ್ಯೆ ಸುಮಾರು 16.5 ಲಕ್ಷದಿಂದ ಸುಮಾರು 29 ಲಕ್ಷಕ್ಕೇರಿತ್ತು. ಪ್ರಾಧಿಕಾರ ಹಂಚುತ್ತಿದ್ದ ನಿವೇಶನಗಳು ಈ ಬೇಡಿಕೆಯನ್ನು ಪೂರೈಸಲಾರದೆಹೋದವು. ಗೃಹನಿರ್ಮಾಣ ಸಹಕಾರ ಸಂಘಗಳು ಒಂದೆಡೆ, ಜನರ ಬಾಯಲ್ಲಿ ರೆವಿನ್ಯೂ ಬಡಾವಣೆಗಳೆನಿಸಿದ ಖಾಸಗಿ ವಿನ್ಯಾಸಗಳು ಇನ್ನೊಂದೆಡೆ ಈ ಕೊರತೆಯನ್ನು ತುಂಬಲಾರಂಭಿಸಿದವು.

ರೆವಿನ್ಯೂ ಬಡಾವಣೆ ರೂಪುಗೊಳ್ಳುವ ಬಗೆಯನ್ನು ಸ್ವಲ್ಪ ವಿವರವಾಗಿ ಪರಿಶೀಲಿಸಬೇಕು. ಇದರ ಮೂಲಘಟಕ ಸರ್ವೆ ನಂಬರು. ಎರಡು ಎಕರೆಯ ಹೊಲದ ಒಡೆಯ, ಭೂಸ್ವಾಧೀನವಾದರೆ ದೊರೆಯುವ ಪರಿಹಾರಕ್ಕಿಂತ ಹೆಚ್ಚು ಹಣ ನಿವೇಶನ ಮಾರಾಟದಿಂದ ಬರುವುದನ್ನು ಕಂಡು ಮಧ್ಯವರ್ತಿಗೆ ಭೂಮಿಯನ್ನು ಒಪ್ಪಿಸುತ್ತಾನೆ. ಹೊಲದ ನಡುವೆ ಇಪ್ಪತ್ತು ಅಡಿಯ ರಸ್ತೆಯೊಂದನ್ನು ಬಿಟ್ಟು, ಇಕ್ಕೆಲಗಳಲ್ಲಿ 30x40 ಅಥವಾ 20x30 ಅಡಿಯ ನಿವೇಶನಗಳನ್ನು ಗುರುತಿಸಲಾಗುತ್ತದೆ. ರಸ್ತೆಗೆ ಬಿಟ್ಟ ಪ್ರತಿಯೊಂದು ಅಡಿಯೂ ಮಾರಲಾಗದ ಅಡಿ. ನೆರೆಯ ಹೊಲಕ್ಕೆ ದಾರಿ ಬಿಟ್ಟರೆ ಅದರ ಲಾಭ ನೆರೆಯವನಿಗೆ, ನಷ್ಟ ತನಗೆ. ಆದ್ದರಿಂದ ರಸ್ತೆ ಹೊಲದ ಬದುವಿಗೆ ಬಂದು ನಿಲ್ಲುತ್ತದೆ. ಹತ್ತು ವರ್ಷಗಳ ಬಳಿಕ ಪಕ್ಕದ ಹೊಲವೂ ನಿವೇಶನಗಳಾಗುತ್ತದೆ. ಅದರ ರಸ್ತೆ ಬೇರೊಂದು ಸಾಲಿನಲ್ಲಿ ಬರುತ್ತದೆ. ಮೊದಲ ರಸ್ತೆಯ ತುದಿಗೆ ಈಗ ಯಾರದೋ ಮನೆಯ ಹಿಂಗೋಡೆ. ಎರಡೂ ಬಡಾವಣೆಗಳ ನಿವಾಸಿಗಳು ಬೆನ್ನಿಗೆ ಬೆನ್ನು ತಾಗುವಂತೆ ವಾಸಿಸಿದರೂ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಲು ಮುಖ್ಯ ರಸ್ತೆಯವರೆಗೆ ಬಂದು ಸುತ್ತಬೇಕಾಗುತ್ತದೆ.

ಇಲ್ಲಿ ಯಾರೊಬ್ಬರ ದುರುದ್ದೇಶವನ್ನೂ ಹುಡುಕುವ ಅಗತ್ಯವಿಲ್ಲ. ಹೊಲದ ಒಡೆಯ, ಮಧ್ಯವರ್ತಿ, ಅಲ್ಪ ಉಳಿತಾಯದಿಂದ ನಿವೇಶನ ಕೊಂಡ ಗುಮಾಸ್ತ ಅಥವಾ ಕಾರ್ಮಿಕ, ಇವರೆಲ್ಲರೂ ತಮ್ಮ ತಮ್ಮ ನೆಲೆಯಲ್ಲಿ ವಿವೇಕದಿಂದಲೇ ವರ್ತಿಸಿದರು. ಪ್ರತಿಯೊಬ್ಬರ ವಿವೇಕವೂ ಸೇರಿ ಎಲ್ಲರಿಗೂ ತೊಡಕಾದ ರಸ್ತೆಜಾಲ ನಿರ್ಮಾಣವಾಯಿತು. ಹೊಲಗಳ ನಡುವಣ ಕೊಂಡಿಯನ್ನು ಬೆಸೆಯಬೇಕಾದ ಸಾರ್ವಜನಿಕ ಸಂಸ್ಥೆಗಳಿಗೆ ಈ ಬಡಾವಣೆಗಳು ಕಾನೂನಿನ ದೃಷ್ಟಿಯಲ್ಲಿ ಅಸ್ತಿತ್ವದಲ್ಲಿಯೇ ಇರಲಿಲ್ಲ. ಅನಧಿಕೃತವಾದುದಕ್ಕೆ ನಕ್ಷೆ ಬರೆಯುವವರಿಲ್ಲ. ಅಕ್ರಮ ನಿರ್ಮಾಣಗಳನ್ನು ಸಕ್ರಮಗೊಳಿಸಲು ಮುಂದೆ ರೂಪಿಸಿದ ಯೋಜನೆಗೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. ದಂಡ ಪಡೆದು ಕಟ್ಟಡವನ್ನು ಸಕ್ರಮಗೊಳಿಸಬಹುದು. ಇಲ್ಲದ ರಸ್ತೆಯನ್ನು ದಂಡದಿಂದ ಸೃಷ್ಟಿಸಲಾಗದೆಂಬುದು ಆ ಚರ್ಚೆಯಲ್ಲಿ ಹೆಚ್ಚಾಗಿ ಕೇಳಿಬರದ ಮಾತು.

ವಿಳಾಸಗಳು ಈ ಬದಲಾವಣೆಗೆ ಸಾಕ್ಷಿ ನುಡಿಯುತ್ತವೆ. ಪೇಟೆಯ ಹೆಸರುಗಳು ಕಸುಬನ್ನು ಹೇಳಿದರೆ, ಪ್ರಾಧಿಕಾರದ ಬಡಾವಣೆಗಳಿಗೆ ಊರು, ದಾರಿಗಳ ಮೊದಲಕ್ಷರಗಳು ಹೆಸರಾದವು. ಬಿಟಿಎಂ ಎಂಬುದರಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳೂ, ಎಚ್‌ಎಸ್‌ಆರ್ ಎಂಬುದರಲ್ಲಿ ಹೊಸೂರು ಸರ್ಜಾಪುರ ರಸ್ತೆಯೂ ಅಡಗಿವೆ. ಹೊರವಲಯದ ಸಣ್ಣ ವಿನ್ಯಾಸಗಳಲ್ಲಿಯಾದರೋ ಪ್ರತಿಯೊಂದು ಬಡಾವಣೆಯೂ ತನ್ನ ಎಣಿಕೆಯನ್ನು ಒಂದರಿಂದಲೇ ಆರಂಭಿಸಿತು. ಕೂಗಳತೆಯಲ್ಲಿಯೇ ಹಲವು ಒಂದನೆಯ ಮುಖ್ಯರಸ್ತೆಗಳು, ಹಲವು ಎರಡನೆಯ ಅಡ್ಡರಸ್ತೆಗಳು ಕಾಣಿಸಿಕೊಂಡವು. ಮಲ್ಲೇಶ್ವರದಲ್ಲಿ ದಾರಿ ತೋರುತ್ತಿದ್ದ ಸಂಖ್ಯೆ ಇಲ್ಲಿ ದಾರಿ ತಪ್ಪಿಸುವಂಥದಾಯಿತು. ಎಣಿಕೆ ಮುರಿದ ಸ್ಥಳಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಹಳೆಯ ಹೊಲಗಳ ಬದುಗಳೇ ಬಹುಮಟ್ಟಿಗೆ ಗೋಚರಿಸುತ್ತವೆ.

ವರ್ತುಲ ರಸ್ತೆಗಳು ಮತ್ತು ಕಾವಲಿನ ಬಾಗಿಲುಗಳು

ಬಳ್ಳಾರಿ, ತುಮಕೂರು, ಮಾಗಡಿ, ಮೈಸೂರು, ಕನಕಪುರ, ಬನ್ನೇರುಘಟ್ಟ, ಹೊಸೂರು, ಹಳೆಯ ಮದರಾಸು ರಸ್ತೆಗಳೆಲ್ಲವೂ ಹಳೆಯ ಊರಿನಿಂದ ಕಿರಣಗಳಂತೆ ಹೊರಟವು. ಕಿರಣಗಳು ಕೇಂದ್ರದಿಂದ ದೂರವಾದಂತೆ ಅವುಗಳ ನಡುವಣ ಅಂತರ ಹೆಚ್ಚುತ್ತದೆ. ಈ ಅಂತರಗಳಲ್ಲಿ ಅಡ್ಡದಾರಿಗಳು ಬೆಳೆಯದಿದ್ದ ಕಾರಣ ವರ್ತುಲ ರಸ್ತೆಯ ಅಗತ್ಯ ತಲೆದೋರಿತು. ಪ್ರಾಧಿಕಾರ ನಿರ್ಮಿಸಿದ ಸುಮಾರು 60 ಕಿಲೋಮೀಟರು ಉದ್ದದ ಹೊರ ವರ್ತುಲ ರಸ್ತೆ 2002ರ ವೇಳೆಗೆ ಪೂರ್ಣಗೊಂಡಿತು. ಊರಿನೊಳಕ್ಕೆ ಬರಬೇಕಾಗಿಲ್ಲದ ವಾಹನಗಳನ್ನು ಹೊರಗಿನಿಂದಲೇ ಸಾಗಿಸುವುದು ಇದರ ಆಶಯವಾಗಿತ್ತು. ಆದರೆ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ಕಚೇರಿ ಸಮುಚ್ಚಯಗಳು ಅದರ ಇಕ್ಕೆಲಗಳಲ್ಲಿ, ವಿಶೇಷವಾಗಿ ಪೂರ್ವಭಾಗದಲ್ಲಿ, ಸಾಲುಗಟ್ಟಿದವು. ದಾಟಿಹೋಗಲು ಮಾಡಿದ ದಾರಿ ತಲಪಬೇಕಾದ ಸ್ಥಳವೇ ಆಯಿತು. ಅದಕ್ಕೂ ಹೊರಗಿನ ಪೆರಿಫೆರಲ್ ವರ್ತುಲ ರಸ್ತೆಗೆ 2007ರಲ್ಲಿ ಅಂತಿಮ ಅಧಿಸೂಚನೆ ಹೊರಟರೂ 2025ರವರೆಗೂ ಅದು ನಿರ್ಮಾಣಗೊಳ್ಳಲಿಲ್ಲ.

ಈ ಅವಧಿಯಲ್ಲಿ ಬೆಳ್ಳಂದೂರು, ವರ್ತೂರು, ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಭಾಗಗಳಲ್ಲಿ ಬೃಹತ್ ವಸತಿ ಸಮುಚ್ಚಯಗಳು ಎದ್ದವು. ಹೊಲದಿಂದ ಹೊಲಕ್ಕೆ ಮುರಿದಿದ್ದ ರಸ್ತೆಜಾಲದ ಮೇಲೆ ಈಗ ಎತ್ತರದ ಗೋಡೆಗಳೂ ಕಾವಲಿನ ಬಾಗಿಲುಗಳೂ ಸೇರಿದವು. ಹತ್ತಾರು ಎಕರೆಯ ಆವರಣಗಳ ನಡುವೆ ಉಳಿದದ್ದು ಹಳ್ಳಿಗಳ ಕಾಲದ ಬಂಡಿದಾರಿ, ಕೆರೆಯ ಏರಿ, ರೈಲುಹಳಿಯ ಕೆಳಗಿನ ಇಕ್ಕಟ್ಟಾದ ಕಿಂಡಿ. ವರ್ತೂರು ಕೋಡಿಯಂಥ ಸ್ಥಳನಾಮಗಳು, ವಾಹನಗಳು ಗಂಟೆಗಟ್ಟಲೆ ನಿಲ್ಲುವ ಈ ಕೂಡುರಸ್ತೆಗಳು ಒಮ್ಮೆ ಕೆರೆಯ ಹೆಚ್ಚುವರಿ ನೀರು ಹರಿದುಹೋಗುತ್ತಿದ್ದ ತಾಣಗಳೆಂಬುದನ್ನು ನೆನಪಿಸುತ್ತವೆ.

ಪ್ರಾಧಿಕಾರದ ಯೋಜಿತ ಬಡಾವಣೆಗಳೂ ಹಿಂದಿನ ಅಖಂಡತೆಯನ್ನು ಉಳಿಸಿಕೊಳ್ಳಲಿಲ್ಲ. ಅರ್ಕಾವತಿ ಬಡಾವಣೆಗೆ 2003ರಲ್ಲಿ 3,339 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಟಿತು; 2004ರ ಅಂತಿಮ ಅಧಿಸೂಚನೆಯ ವೇಳೆಗೆ ಅದು 2,750 ಎಕರೆಗೆ ಇಳಿಯಿತು. ವ್ಯಾಜ್ಯ 2010ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಮುಟ್ಟಿತು. ಸ್ವಾಧೀನದಿಂದ ಕೈಬಿಟ್ಟ ಪ್ರತಿಯೊಂದು ತುಂಡು ಭೂಮಿಯೂ ಬಡಾವಣೆಯ ನಕ್ಷೆಯಲ್ಲಿ ಒಂದು ರಂಧ್ರ. ಅದರ ಮೂಲಕ ಹಾಯಬೇಕಾಗಿದ್ದ ರಸ್ತೆ ಅಲ್ಲಿಗೆ ತುಂಡಾಗುತ್ತದೆ. ರೈತನ ಹಕ್ಕು ಮತ್ತು ರಸ್ತೆಯ ಅಖಂಡತೆ ಪರಸ್ಪರ ವಿರೋಧಿಯಾಗಿ ನಿಲ್ಲುವಂಥ ಭೂಸ್ವಾಧೀನ ವ್ಯವಸ್ಥೆಯೇ ಈ ತೊಡಕಿನ ಮೂಲವೆನ್ನಬಹುದು.

ಪರಿಣಾಮಗಳು

ಚೌಕಳಿಯಂಥ ರಸ್ತೆಜಾಲದಲ್ಲಿ ಎರಡು ಸ್ಥಳಗಳ ನಡುವೆ ಹಲವು ದಾರಿಗಳಿರುತ್ತವೆ. ಮರದ ಕೊಂಬೆಗಳಂಥ ಜಾಲದಲ್ಲಿ ಇರುವುದು ಒಂದೇ ದಾರಿ. ಕೊಂಬೆಯಿಂದ ಕೊಂಬೆಗೆ ಹೋಗಲು ಕಾಂಡಕ್ಕೆ ಇಳಿಯಲೇಬೇಕು. ಮಗುವನ್ನು ಶಾಲೆಗೆ ಬಿಡುವ, ತರಕಾರಿ ತರುವ ಅಲ್ಪದೂರದ ಓಡಾಟವೂ ಕಾಂಡದಂತಿರುವ ಮುಖ್ಯ ರಸ್ತೆಯ ಮೇಲೆಯೇ ಬೀಳುತ್ತದೆ. ಆ ರಸ್ತೆಯನ್ನು ಎಷ್ಟೇ ಅಗಲಗೊಳಿಸಿದರೂ, ಮೇಲ್ಸೇತುವೆ ಕಟ್ಟಿದರೂ, ಪರ್ಯಾಯ ದಾರಿಯ ಕೊರತೆ ನೀಗುವುದಿಲ್ಲ.

ಇದರ ಹೊರೆ ಎಲ್ಲರ ಮೇಲೂ ಸಮವಾಗಿ ಬೀಳುವುದಿಲ್ಲ. ವಾಹನವಿದ್ದವನಿಗೆ ಎರಡು ಕಿಲೋಮೀಟರಿನ ಸುತ್ತು ಕೆಲವು ನಿಮಿಷಗಳ ವಿಳಂಬ. ಮನೆಗೆಲಸಕ್ಕೆ, ಕೂಲಿಗೆ ನಡೆದುಹೋಗುವ ಮಹಿಳೆಗೆ ಅದು ಪ್ರತಿದಿನದ ಅರ್ಧ ಗಂಟೆ. ಸಮುಚ್ಚಯದ ಬಾಗಿಲು ಮುಚ್ಚಿದಾಗ ಹಳೆಯ ಕಾಲುದಾರಿಯನ್ನು ಕಳೆದುಕೊಳ್ಳುವವರೂ ಅವರೇ. ನಗರ ಸಾರಿಗೆಯ ಬಸ್ಸು ಇಪ್ಪತ್ತು ಅಡಿಯ ರಸ್ತೆಯಲ್ಲಿ ತಿರುಗಲಾರದು. ಅಗ್ನಿಶಾಮಕ ವಾಹನಕ್ಕೂ ಅದೇ ತೊಡಕು. ನೀರಿನ ಹಾಗೂ ಒಳಚರಂಡಿಯ ಕೊಳವೆಗಳು ರಸ್ತೆಯನ್ನೇ ಅನುಸರಿಸುವುದರಿಂದ ರಸ್ತೆ ಮುರಿದಲ್ಲಿ ಅವುಗಳಿಗೂ ಸುತ್ತುದಾರಿಯೇ ಗತಿ. 2007ರಲ್ಲಿ 7 ನಗರಸಭೆಗಳು, 1 ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ ಸುಮಾರು 226 ಚದರ ಕಿಲೋಮೀಟರಿನ ನಗರ 700 ಚದರ ಕಿಲೋಮೀಟರನ್ನು ಮೀರಿತು. ಆ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಗೊಂಡುದು 2024ರ ಅಕ್ಟೋಬರಿನಲ್ಲಿ. ಎಲ್ಲೆಯನ್ನು ಕಾಗದದ ಮೇಲೆ ಹಿಗ್ಗಿಸುವುದಕ್ಕೂ ಹಿಗ್ಗಿದ ಭಾಗವನ್ನು ನಗರದೊಡನೆ ಬೆಸೆಯುವುದಕ್ಕೂ ನಡುವೆ ಹದಿನೇಳು ವರ್ಷಗಳು ಸಂದಿದ್ದವು.

ಮುಂದೆ ದಾರಿಯಿಲ್ಲದ ರಸ್ತೆಯಲ್ಲಿ ನೆಮ್ಮದಿಯಿದೆ, ಮಕ್ಕಳು ನಿರ್ಭಯವಾಗಿ ಆಡಬಹುದು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಬೇರೆ ಬೇರೆ ದೇಶಗಳಲ್ಲಿ ವಾಹನಗಳಿಗೆ ತಡೆಯಿದ್ದರೂ ಪಾದಚಾರಿಗಳಿಗೆ ಹಾಗೂ ಸೈಕಲ್ಲುಗಳಿಗೆ ದಾರಿ ತೆರೆದಿಟ್ಟು ಈ ಎರಡು ಅಗತ್ಯಗಳನ್ನೂ ಹೊಂದಿಸಿದ ನಿದರ್ಶನಗಳಿವೆ. ವಾಹನ ನಿಲ್ಲಿಸುವುದು ಬೇರೆ, ನಡೆಯುವವರನ್ನು ನಿಲ್ಲಿಸುವುದು ಬೇರೆ.

ಉಪಸಂಹಾರ

ಬೆಂಗಳೂರು ವಿಶಾಲವಾಗಿ ಬೆಳೆದುದೇ ಅದರ ತೊಡಕಲ್ಲವೆಂಬುದು ಈ ಪರಿಶೀಲನೆಯಿಂದ ವ್ಯಕ್ತವಾಗುತ್ತದೆ. ಮಲ್ಲೇಶ್ವರ, ಬಸವನಗುಡಿ, ಜಯನಗರಗಳೂ ತಮ್ಮ ಕಾಲದಲ್ಲಿ ಊರಹೊರಗಿನ ವಿಸ್ತರಣೆಗಳೇ ಆಗಿದ್ದವು. ಮನೆ ಏಳುವ ಮೊದಲೇ ರಸ್ತೆಯ ಗೆರೆ ಬಿದ್ದುದರಿಂದ ಅವು ನಗರದ ಅಂಗಗಳಾದವು. ಹೊರವಲಯದಲ್ಲಿ ಈ ಅನುಕ್ರಮ ತಲೆಕೆಳಗಾಯಿತು: ಮೊದಲು ಮನೆ, ಬಳಿಕ ರಸ್ತೆ, ಕೊನೆಗೆ ಆಡಳಿತ.

ಒತ್ತಾಯದ ಸ್ವಾಧೀನ ಮತ್ತು ಹೊಲಕ್ಕೊಂದು ನಕ್ಷೆ ಎಂಬ ಎರಡೇ ಮಾರ್ಗಗಳಿರಲಿಲ್ಲ. ಹಲವು ಒಡೆಯರ ಭೂಮಿಯನ್ನು ಒಟ್ಟುಗೂಡಿಸಿ, ರಸ್ತೆ ಹಾಗೂ ಸಾರ್ವಜನಿಕ ಸ್ಥಳಗಳನ್ನು ಬಿಟ್ಟು, ಉಳಿದುದನ್ನು ಅದೇ ಒಡೆಯರಿಗೆ ಮರುಹಂಚುವ ನಗರ ಯೋಜನಾ ಸ್ಕೀಮುಗಳಿಗೆ ಕರ್ನಾಟಕದ 1961ರ ಕಾಯಿದೆಯಲ್ಲಿಯೇ ಅವಕಾಶವಿದೆ. ಗುಜರಾತಿನ ಅಹಮದಾಬಾದಿನಲ್ಲಿ ಈ ವಿಧಾನ ವ್ಯಾಪಕವಾಗಿ ಬಳಕೆಯಾಗಿದೆ. ಬೆಂಗಳೂರಿನಲ್ಲಿ ಅದು ಬೇರೂರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ರಚನೆಯಾಯಿತು. ಎರಡು ಪುರಸಭೆಗಳ ನಡುವಣ ಕೊಂಡಿಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಸಡಿಲವಾಗಿಯೇ ಉಳಿದ ಊರಿನಲ್ಲಿ ಐದು ಪಾಲಿಕೆಗಳ ಎಲ್ಲೆಗಳನ್ನು ದಾಟುವ ರಸ್ತೆಗಳಿಗೆ ಹೊಣೆ ಯಾರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ನಗರದ ಅಂಚು ಇಂದು ದೇವನಹಳ್ಳಿ, ಹೊಸಕೋಟೆ, ಆನೇಕಲ್ಲುಗಳತ್ತ ಸಾಗಿದೆ. ಅಲ್ಲಿಯ ಹೊಲಗಳಲ್ಲಿ ನಿವೇಶನದ ಕಲ್ಲುಗಳು ನೆಡಲ್ಪಡುತ್ತಿವೆ. ಆ ಕಲ್ಲುಗಳ ನಡುವೆ ಬಿಡುವ ರಸ್ತೆ ಬದುವನ್ನು ದಾಟಿ ಮುಂದಿನ ಹೊಲವನ್ನು ಸೇರುವುದೋ ಅಥವಾ ಅಲ್ಲಿಯೇ ನಿಲ್ಲುವುದೋ ಎಂಬುದು ಇನ್ನೂ ತೀರ್ಮಾನವಾಗದ ಸಂಗತಿ. ಒಮ್ಮೆ ಮನೆಗಳು ಎದ್ದರೆ ಆ ತೀರ್ಮಾನವನ್ನು ಬದಲಿಸುವುದು ಎಷ್ಟು ಕಷ್ಟವೆಂಬುದಕ್ಕೆ ಬೆಂಗಳೂರಿನ ಐದು ಶತಮಾನಗಳ ರಸ್ತೆಗಳೇ ದಾಖಲೆ.